ಕಲಬುರಗಿಯ ಬಿಸಿಲಿಗೆ ಒಡ್ಡಿದ ಗೋಡೆ ತೋಟ

ಗೋಡೆಯ ಮೇಲೆ ತೋಟ ಮಾಡುತ್ತೇನೆಂದಾಗ ನೆರೆಯವರೆಲ್ಲ ಯಾವ ಗಿಡ ಇಡುತ್ತೀರಿ ಎಂದು ಕೇಳಿದರು. ನನಗಿದ್ದ ಚಿಂತೆ ಯಾವ ಗೋಡೆ ಎಂಬುದು. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಪಶ್ಚಿಮದ ಗೋಡೆಯ ಕಾವು ರಾತ್ರಿ ಊಟದ ಹೊತ್ತಿಗೂ ಆರುವುದಿಲ್ಲ. ಸಣ್ಣ ಕುಂಡದ ಬೇರುಗಳು ಅಲ್ಲಿ ಬೆಂದುಹೋಗುತ್ತವೆ. ಉತ್ತರದ ಗೋಡೆ ಸದಾ ತಂಪು ಎಂಬ ಮಾತೂ ನಮ್ಮ ಊರಿಗೆ ಪೂರ್ತಿ ಸಲ್ಲದು: ಮೇ ಎರಡನೇ ವಾರದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ. ಹಾಗಾಗಿ ಪೂರ್ವದ ಗೋಡೆಯನ್ನು ಆರಿಸಿದೆ. ಮಧ್ಯಾಹ್ನದ ಹೊತ್ತಿಗೆ ಅದು ನೆರಳಿಗೆ ಸರಿಯುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಅದಕ್ಕೂ ಬಿಸಿಲನ್ನು ಶೇ. 50ರಷ್ಟು ತಡೆಯುವ ಹಸಿರು ನೆರಳು ಬಲೆ ಕಟ್ಟುತ್ತೇನೆ.

ನಮ್ಮದು ಹಳೆಯ ಶಹಾಬಾದ್ ಕಲ್ಲಿನ ಗೋಡೆ. ಪದರ ಪದರವಾದ ಈ ಕಲ್ಲಿನ ಅಂಚಿಗೆ ಡ್ರಿಲ್ ಹಾಕಿದರೆ ಸೀಳುವ ಭಯ. ಅದಕ್ಕೆ ಕಬ್ಬಿಣದ ಆಂಗಲ್ ಚೌಕಟ್ಟಿಗೆ ನೆಲದಿಂದಲೇ ಕಾಲು ಕೊಟ್ಟು, ವಾಲದಿರಲೆಂದು ಮಾತ್ರ ಮೇಲ್ಗಡೆ ಗೋಡೆಗೆ ಬಿಗಿಸಿದೆ. ವೆಲ್ಡಿಂಗ್ ಹುಡುಗ, "ಅಕ್ಕಾ, ಗೋಡೆಗೆ ಹತ್ತಿಸಿಯೇ ಕೂರಿಸುತ್ತೇನೆ, ನೋಡಲು ಚೆನ್ನಾಗಿರುತ್ತದೆ" ಎಂದ. "ಬೇಡಪ್ಪಾ, ಮೂರು ಇಂಚು ಸಂದಿ ಬಿಡು" ಎಂದೆ. ಆ ಸಂದಿಯಲ್ಲಿ ಗಾಳಿ ಆಡುತ್ತದೆ, ಕಲ್ಲಿನ ಕಾವು ಕುಂಡಕ್ಕೆ ನೇರವಾಗಿ ತಾಗುವುದಿಲ್ಲ, ಗೋಡೆಯೂ ಒದ್ದೆಯಾಗುವುದಿಲ್ಲ.

ನಮ್ಮ ಕಪ್ಪು ಎರೆಮಣ್ಣು ತೊಗರಿಗೆ ಬಂಗಾರ. ಕುಂಡಕ್ಕೆ ಮಾತ್ರ ಆಗದು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಭಾರವೂ ಹೆಚ್ಚು. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಕೆಂಪು ಮಣ್ಣು, ಜೊತೆಗೆ ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿದೆ.

ಇಷ್ಟಾದ ಮೇಲೆ ಉಳಿಯುವುದು ನೀರು. ನನ್ನ ಶ್ರಮದ ಬಹುಪಾಲು ಹೋಗುವುದು ಅದಕ್ಕೇ. ನಾವು ಕೂತಿರುವುದೇ ಸುಣ್ಣಕಲ್ಲಿನ ಸೀಮೆಯಲ್ಲಿ. ವಾಡಿ, ಸೇಡಂಗಳಿಗೆ ಸಿಮೆಂಟ್ ಕಾರ್ಖಾನೆಗಳನ್ನು ತಂದ ಕಲ್ಲೇ ನಮ್ಮ ಬೋರ್‌ವೆಲ್ ನೀರನ್ನು ಗಡಸು ಮಾಡಿದೆ. ಅದನ್ನೇ ದಿನವೂ ಹಾಕುತ್ತಾ ಹೋದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಹನಿ ನೀರಾವರಿಯ ತೂತುಗಳು ಮುಚ್ಚುತ್ತವೆ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ, ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲವೆಂದು ತಿಳಿಯುತ್ತೇನೆ. ಗೊಬ್ಬರ ಸುರಿದರೆ ಅದು ಸರಿಯಾಗುವುದಿಲ್ಲ. ಚಿಲೇಟ್ ರೂಪದ, ಅಂದರೆ ಗಿಡ ಸುಲಭವಾಗಿ ಹೀರಿಕೊಳ್ಳುವಂತೆ ಮಾಡಿದ ಕಬ್ಬಿಣವನ್ನು ಎಲೆಗೆ ಸಿಂಪಡಿಸಬೇಕು. ಮಾಳಿಗೆಯ ಮಳೆನೀರನ್ನು ಡ್ರಮ್ಮಿಗೆ ಇಳಿಸಿದ್ದೇನೆ. ಅದು ಮುಗಿದ ಮೇಲೆ ನಗರದ ನಳದ ನೀರು ಬಂದ ದಿನ ಗೋಡೆಯ ಪಾಲನ್ನು ಬೇರೆ ತೆಗೆದಿಡುತ್ತೇನೆ. ಬೋರ್ ನೀರೇ ಗತಿಯಾದಾಗ, ತಿಂಗಳಿಗೊಮ್ಮೆ ಪ್ರತಿ ಕುಂಡಕ್ಕೂ ಸಿಹಿನೀರು ಧಾರಾಳವಾಗಿ ಹರಿಸಿ ಉಪ್ಪನ್ನು ತಳದಿಂದ ತೊಳೆದುಬಿಡುತ್ತೇನೆ. ಡ್ರಿಪ್ಪರ್‌ಗಳನ್ನು ಬಿಚ್ಚಿ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲ) ನೀರಿನಲ್ಲಿ ನೆನೆಸಿದರೆ ತೂತು ಬಿಡುತ್ತವೆ.

ಮೇಲಿನ ಸಾಲು ಬೇಗ ಒಣಗುತ್ತದೆ, ಕೆಳಗಿನದು ಸೋರಿದ ನೀರನ್ನೂ ಕುಡಿದು ತೇವವಾಗಿಯೇ ಇರುತ್ತದೆ. ಆದ್ದರಿಂದ ಮೇಲೆ ದೊಡ್ಡಪತ್ರೆ, ನೇರಳೆ ಎಲೆಯ ರಿಯೋ. ನಡುವೆ ಸ್ಪೈಡರ್ ಪ್ಲಾಂಟ್. ಕೆಳಗೆ ಮನಿ ಪ್ಲಾಂಟ್, ಪುದೀನ. ಫರ್ನ್ ಬೇಕೆಂದು ಮಗಳು ಹಟ ಹಿಡಿದಿದ್ದಳು. ಈ ಒಣಗಾಳಿಯಲ್ಲಿ ಅದನ್ನು ಗೋಡೆಗೆ ಏರಿಸಲು ನನಗೆ ಮನಸ್ಸು ಒಪ್ಪಲಿಲ್ಲ, ಸ್ನಾನದ ಮನೆಯ ಕಿಟಕಿಯಲ್ಲಿ ಇಟ್ಟೆವು.

ಬೇಸಿಗೆಯಲ್ಲಿ ನೀರು ಎರಡು ಹೊತ್ತು: ಸೂರ್ಯ ಹುಟ್ಟುವ ಮೊದಲು, ಸಂಜೆ ಪೈಪಿನ ನೀರು ಆರಿದ ಮೇಲೆ. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರನ್ನು ಬಕೆಟ್ಟಿಗೆ ಬಿಟ್ಟುಬಿಡಿ, ಅದು ಕೈ ಸುಡುವಷ್ಟು ಬಿಸಿ ಇರುತ್ತದೆ. ಒಣ ಸೆಖೆಯಲ್ಲಿ ಎಲೆಯಡಿ ರಸ ಹೀರುವ ನುಸಿ ಸೇರುತ್ತದೆ. ವಾರಕ್ಕೊಮ್ಮೆ ಎಲೆ ಮಗುಚಿ ನೋಡಿ, ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಮತ್ತು ತುಸು ಸೋಪಿನ ದ್ರಾವಣ ಕಲಕಿ ಸಂಜೆ ಸಿಂಪಡಿಸುತ್ತೇನೆ. ಹಗಲಲ್ಲಿ ಎಣ್ಣೆ ಬಿದ್ದರೆ ಎಲೆ ಸುಡುತ್ತದೆ.