ರೀಬೂಟ್ ಮಾಡಿದರೆ ಸರಿಯಾಗುವ ಕಾಯಿಲೆ: ಕರ್ನಲ್ ಡ್ರೈವರ್‌ನ ಮೆಮೊರಿ ಲೀಕ್ ಹುಡುಕಿ ಸರಿಮಾಡುವುದು ಹೇಗೆ

ಕಾಸರಗೋಡಿನ ಪೆರ್ಲದ ಕಡೆಯ ಒಂದು ಅಡಿಕೆ ತೋಟ ಅಂತ ಇಟ್ಟುಕೊಳ್ಳಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ಅದರ ನೀರು ಬಂದು ತುಂಬುವ ಟ್ಯಾಂಕು, ಪಕ್ಕದ ಪಂಪ್ ಶೆಡ್‌ನಲ್ಲಿ 1 ಜಿಬಿ ಮೆಮೊರಿಯ, ಲಿನಕ್ಸ್ ಓಡುವ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ನೀರಿನ ಮಟ್ಟ ನೋಡುವ ಸಣ್ಣ ಬೋರ್ಡು ಯುಎಸ್‌ಬಿಯಲ್ಲಿ ಕೂತಿದೆ. ಅದಕ್ಕೆ ಬೋರ್ಡ್ ಮಾರಿದವರೇ ಬರೆದುಕೊಟ್ಟ ಕರ್ನಲ್ ಡ್ರೈವರ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೆ ಕೂತು ಬೋರ್ಡಿನ ಜೊತೆ ಮಾತಾಡುವ ಕೋಡ್. ಮಳೆಗಾಲ ಪೂರ್ತಿ ಏನೂ ತೊಂದರೆ ಇಲ್ಲ. ಬೇಸಿಗೆ ಬಂದು ಸ್ಪ್ರಿಂಕ್ಲರ್ ಶುರುವಾದ ಮೇಲೆ ಎರಡು ವಾರಕ್ಕೊಮ್ಮೆ ಪೈ ಸ್ತಬ್ಧ. "ಒಮ್ಮೆ ಆಫ್ ಮಾಡಿ ಆನ್ ಮಾಡಿ, ಸರಿ ಆಗ್ತದೆ" ಅನ್ನುತ್ತಾರೆ ತೋಟದವರು. ಆಗುತ್ತದೆ, ಸುಳ್ಳಲ್ಲ. ಆದರೆ ರೀಬೂಟ್ ಮಾಡಿದಾಗ ಸರಿಯಾಗುವ ತೊಂದರೆ ಅಂದರೆ ಎಲ್ಲೋ ಏನೋ ತುಂಬಿಕೊಳ್ಳುತ್ತಾ ಇದೆ ಅಂತ ಹೆಚ್ಚಾಗಿ ಅರ್ಥ, ಮತ್ತು ಅದು ಬೇಸಿಗೆಯಲ್ಲಿ ಮಾತ್ರ ಯಾಕೆ ತುಂಬುತ್ತದೆ ಅನ್ನುವುದೇ ನಿಮಗೆ ಸಿಕ್ಕಿದ ಮೊದಲ ಸುಳಿವು.

ಕೇಳಿ ಪಡೆದ ಮೆಮೊರಿಯನ್ನು ವಾಪಸು ಕೊಡದೆ ಬಿಡುವುದೇ ಮೆಮೊರಿ ಲೀಕ್. ಮೊದಲು ತಪ್ಪು ಕರ್ನಲ್‌ನದ್ದಾ, ಮೇಲೆ ಓಡುವ ಪ್ರೋಗ್ರಾಮ್‌ನದ್ದಾ ಅಂತ ನೋಡಿ. ಟಾಪ್ ಕಮಾಂಡಿನಲ್ಲಿ ಯಾವ ಪ್ರೋಗ್ರಾಮೂ ಬೆಳೆಯುತ್ತಿಲ್ಲ, ಆದರೂ ಬಳಕೆಗೆ ಸಿಗುವ (ಅವೈಲಬಲ್) ಮೆಮೊರಿ ದಿನದಿನಕ್ಕೆ ಇಳಿಯುತ್ತಿದೆ ಅಂದರೆ ಸಂಶಯ ಕರ್ನಲ್ ಮೇಲೆ. ಕರ್ನಲ್ ತನ್ನ ಲೆಕ್ಕ ತೋರಿಸುವ ಪ್ರಾಕ್ (/proc) ಫೋಲ್ಡರ್ ಒಳಗಿನ ಮೆಮ್‌ಇನ್ಫೋ ಫೈಲ್ ತೆರೆಯಿರಿ. ಅಲ್ಲಿ ಎಸ್-ರಿಕ್ಲೇಮಬಲ್ ಏರಿದರೆ ಗಾಬರಿ ಬೇಡ. ಅದು ಫೈಲ್‌ಗಳ ಹೆಸರು, ವಿವರ ಇಟ್ಟುಕೊಂಡ ಕ್ಯಾಶ್, ಬೇಕಾದಾಗ ಕರ್ನಲ್ ತಾನೇ ಬಿಟ್ಟುಕೊಡುತ್ತದೆ. ಎಸ್-ಅನ್‌ರಿಕ್ಲೇಮ್, ಅಂದರೆ ಹಾಗೆ ಬಿಟ್ಟುಕೊಡಲಾಗದ ಭಾಗ, ಏರುತ್ತಲೇ ಇದ್ದರೆ ಅದು ಬೇರೆ ಕಥೆ. ಒಂದು ಸಲ ನೋಡಿ ತೀರ್ಮಾನ ಮಾಡಬೇಡಿ, ಗಂಟೆಗೊಮ್ಮೆ ಬರೆದಿಡುವ ಚಿಕ್ಕ ಸ್ಕ್ರಿಪ್ಟ್ ಹಾಕಿ, ಪಕ್ಕದಲ್ಲೇ ಮೋಟಾರು ಓಡುತ್ತಿತ್ತಾ ಇಲ್ಲವಾ ಅಂತಲೂ ಬರೆಯಿಸಿ. ಮೋಟಾರು ಓಡುವಾಗಲೇ ಎಸ್-ಅನ್‌ರಿಕ್ಲೇಮ್ ಏರುವುದು ಕಂಡರೆ ಅರ್ಧ ಕೆಲಸ ಮುಗಿಯಿತು.

ಮುಂದೆ ಸ್ಲ್ಯಾಬ್‌ಟಾಪ್ ಕಮಾಂಡು. ಅದು ಕರ್ನಲ್‌ನ ಯಾವ ಅಳತೆಯ ಡಬ್ಬದಿಂದ ಎಷ್ಟು ಖರ್ಚಾಗಿದೆ ಅಂತ ತೋರಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಕೆ-ಮ್ಯಾಲಕ್-256, ಅಂದರೆ 256 ಬೈಟಿನ ತುಂಡುಗಳ ಡಬ್ಬ, ಏರುತ್ತಿದೆ. ಇದರಿಂದ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ, ಯಾಕೆಂದರೆ 200 ಬೈಟ್ ಕೇಳಿದವರಿಗೂ ಆ 256ರ ಡಬ್ಬದಿಂದಲೇ ಸಿಗುತ್ತದೆ, ಮತ್ತು ಆ ಡಬ್ಬ ಎಲ್ಲ ಡ್ರೈವರ್‌ಗಳಿಗೂ ಸೇರಿದ್ದು. ಆದರೆ ಲೆಕ್ಕ ಹಾಕಬಹುದು. ಸೆಕೆಂಡಿಗೆ 10 ಸಲ 256 ಬೈಟ್ ಸೋರಿದರೆ, ದಿನಕ್ಕೆ 6 ಗಂಟೆ ಮೋಟಾರು ಓಡಿದರೆ, ಸುಮಾರು 55 ಎಂಬಿ ಹೋಯಿತು. 1 ಜಿಬಿಯ ಬೋರ್ಡು ಮೂರು ವಾರ ತಾಳುವುದಿಲ್ಲ. ಎರಡು ವಾರಕ್ಕೊಮ್ಮೆ ನಿಲ್ಲುವುದಕ್ಕೂ ಇದಕ್ಕೂ ಹೊಂದುತ್ತದೆ, ಅಲ್ವಾ?

ಎಸ್-ಅನ್‌ರಿಕ್ಲೇಮ್ ಏರದೆಯೂ ಮೆಮೊರಿ ಮಾಯವಾಗುತ್ತಿದ್ದರೆ ಡ್ರೈವರ್ ನೇರವಾಗಿ ಪೇಜ್‌ಗಳನ್ನೇ (ಮೆಮೊರಿಯ ದೊಡ್ಡ ತುಂಡುಗಳನ್ನೇ) ಕೇಳಿಕೊಂಡಿರಬಹುದು. ಅದಕ್ಕೆ ಪೇಜ್ ಓನರ್ ಅನ್ನುವ ಬೇರೆ ಉಪಕರಣ ಇದೆ, ಇಲ್ಲಿ ಬೇಡ.

ಕಳ್ಳನ ಹೆಸರು ಹೇಳುವುದು ಕೆಮೆಮ್‌ಲೀಕ್. 2009ರ 2.6.31 ಆವೃತ್ತಿಯಿಂದ ಲಿನಕ್ಸ್‌ನಲ್ಲೇ ಇದೆ, ಆದರೆ ಸಾಮಾನ್ಯ ಕರ್ನಲ್‌ನಲ್ಲಿ ಆನ್ ಮಾಡಿರುವುದಿಲ್ಲ. ಕಾನ್ಫಿಗ್‌ನಲ್ಲಿ ಡೀಬಗ್ ಕೆಮೆಮ್‌ಲೀಕ್ ಆಯ್ಕೆ ಹಾಕಿ ಕರ್ನಲನ್ನು ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡಿ ಪೈಗೆ ಹಾಕಬೇಕು. ಪೈಯಲ್ಲೇ ಬಿಲ್ಡ್ ಮಾಡಲು ಹೋದರೆ ನಡುವೆ ಕರೆಂಟು ಹೋಗಿ ಮತ್ತೆ ಮೊದಲಿಂದ ಶುರು ಮಾಡಬೇಕಾದೀತು. ಕೆಮೆಮ್‌ಲೀಕ್ ಮಾಡುವುದು ಇಷ್ಟು: ಮೆಮೊರಿ ಕೇಳುವ ಕೆ-ಮ್ಯಾಲಕ್‌ನಂಥ ಫಂಕ್ಷನ್‌ಗಳ ಮೂಲಕ ಕರ್ನಲ್ ಕೊಟ್ಟ ಪ್ರತಿ ತುಂಡಿನ ಲೆಕ್ಕ ಇಟ್ಟುಕೊಳ್ಳುತ್ತದೆ, ಆಗಾಗ ಕರ್ನಲ್‌ನ ಮೆಮೊರಿ ಓದಿ ಆ ತುಂಡಿನ ವಿಳಾಸ ಎಲ್ಲಾದರೂ ಉಳಿದಿದೆಯಾ ಅಂತ ನೋಡುತ್ತದೆ. ಯಾರ ಹತ್ತಿರವೂ ವಿಳಾಸ ಇಲ್ಲ ಅಂದರೆ ಇನ್ನು ಅದನ್ನು ವಾಪಸು ಕೊಡುವವರೂ ಇಲ್ಲ. ಅದೇ ಲೀಕ್.

ತಾನಾಗಿ 10 ನಿಮಿಷಕ್ಕೊಮ್ಮೆ ಹುಡುಕುತ್ತದೆ. ಕಾಯಲು ಆಗದಿದ್ದರೆ ಡೀಬಗ್‌ಎಫ್‌ಎಸ್ (ಕರ್ನಲ್‌ನ ತಪ್ಪು ಹುಡುಕಲು ಇರುವ ಫೈಲ್‌ಗಳ ಜಾಗ) ಒಳಗಿನ ಕೆಮೆಮ್‌ಲೀಕ್ ಫೈಲ್‌ಗೆ ಸ್ಕ್ಯಾನ್ ಅಂತ ಬರೆಯಿರಿ, ಆಮೇಲೆ ಅದೇ ಫೈಲನ್ನು ಓದಿ. ಅದಕ್ಕೂ ಮೊದಲು ಕ್ಲಿಯರ್ ಅಂತ ಬರೆದರೆ ಹಳೆಯ ಸಂಶಯಗಳೆಲ್ಲ ಪಟ್ಟಿಯಿಂದ ಹೋಗಿ ಹೊಸದು ಮಾತ್ರ ಕಾಣುತ್ತದೆ. ಒಂದು ಸ್ಕ್ಯಾನ್‌ನಲ್ಲಿ ಬಂದದ್ದನ್ನು ನಂಬಬೇಡಿ, ಎರಡನೇ ಸಲ ಮಾಡಿ. ವಿಳಾಸ ಹಾರ್ಡ್‌ವೇರ್ ಕೈಯಲ್ಲಿ ಮಾತ್ರ ಇದ್ದಾಗ ಇದಕ್ಕೆ ಸುಮ್ಮನೆ ಸಂಶಯ ಬರುತ್ತದೆ.

ಸಿಕ್ಕಿದ ಪ್ರತಿ ತುಂಡಿಗೂ ಅಳತೆ, ಅದರ ಮೊದಲ 32 ಬೈಟು, ಅದನ್ನು ಕೇಳಿದ ಫಂಕ್ಷನ್‌ಗಳ ಸಾಲು ಇರುತ್ತದೆ. ಎಲ್ಲರೂ ಫಂಕ್ಷನ್ ಸಾಲಿಗೆ ಓಡುತ್ತಾರೆ. ನನ್ನ ಕೇಳಿದರೆ ಆ 32 ಬೈಟನ್ನು ಮೊದಲು ಓದಿ. ನಮ್ಮ ಬೋರ್ಡಿನ ಪ್ಯಾಕೆಟ್‌ನ ತಲೆಬರಹ ಅಲ್ಲೇ ಕಂಡರೆ, ಮತ್ತು ಅದರ ನಂತರದ ಅಂಕೆಗಳು ಕೆಟ್ಟು ಹೋಗಿದ್ದರೆ, ಸೋರುತ್ತಿರುವುದು ಬರೇ ಪ್ಯಾಕೆಟ್ ಅಲ್ಲ, ಕೆಟ್ಟ ಪ್ಯಾಕೆಟ್ ಅಂತ ಕೋಡ್ ತೆರೆಯುವ ಮೊದಲೇ ಗೊತ್ತಾಗುತ್ತದೆ. ಮೋಟಾರು ಓಡುವಾಗ ವೈರಿನಲ್ಲಿ ಗದ್ದಲ ಏಳುತ್ತದೆ, ಪ್ಯಾಕೆಟ್ ಕೆಡುತ್ತದೆ, ಡೇಟಾ ಸರಿ ಇದೆಯಾ ಅಂತ ನೋಡುವ ಅಂಕೆ, ಅಂದರೆ ಚೆಕ್‌ಸಮ್, ತಾಳೆಯಾಗುವುದಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ನೀರು ಬಿಡುವವರು ಯಾರು? ಹಾಗಾಗಿ ಆಗ ಸೋರಿಕೆಯೂ ಇಲ್ಲ.

ಈಗ ಕೋಡ್. ಯುಎಸ್‌ಬಿಯಿಂದ ಡೇಟಾ ಬಂದಾಗ ಕರೆಯುವ ಫಂಕ್ಷನ್‌ನಲ್ಲಿ ಕೆ-ಮ್ಯಾಲಕ್ ಮಾಡುತ್ತಾರೆ, ಡೇಟಾ ನಕಲು ಮಾಡುತ್ತಾರೆ, ಚೆಕ್‌ಸಮ್ ನೋಡುತ್ತಾರೆ, ತಪ್ಪಿದ್ದರೆ ಮುಂದಿನ ಪ್ಯಾಕೆಟ್ ಕೇಳಿ ರಿಟರ್ನ್ ಆಗುತ್ತಾರೆ. ಆ ಮೆಮೊರಿ ವಾಪಸು ಕೊಡುವ ಕೆ-ಫ್ರೀ ಇಲ್ಲ. ಕರ್ನಲ್ ಲೀಕ್‌ಗಳಲ್ಲಿ ತುಂಬ ಈ ಜಾತಿಯವೇ: ಎಲ್ಲ ಸರಿ ಇರುವ ದಾರಿಯನ್ನು ಬರೆದವರು ಹತ್ತು ಸಲ ಓಡಿಸಿ ನೋಡಿರುತ್ತಾರೆ, ತಪ್ಪಾದಾಗಿನ ದಾರಿಯಲ್ಲಿ ಯಾರೂ ನಡೆದಿರುವುದಿಲ್ಲ.

ರಿಟರ್ನ್ ಮೊದಲು ಒಂದು ಕೆ-ಫ್ರೀ ಸೇರಿಸಿದರೆ ಲೀಕ್ ನಿಲ್ಲುತ್ತದೆ. ಇನ್ನೂ ಒಳ್ಳೆಯದು, ಚೆಕ್‌ಸಮ್ಮನ್ನು ಮೊದಲು ನೋಡಿ, ಸರಿ ಇದ್ದರೆ ಮಾತ್ರ ಮೆಮೊರಿ ಕೇಳುವುದು. ತೆಗೆದುಕೊಳ್ಳದೇ ಇದ್ದದ್ದನ್ನು ವಾಪಸು ಕೊಡಲು ಮರೆಯುವ ಪ್ರಶ್ನೆಯೇ ಇಲ್ಲ. ಆದರೆ ಹೆದರಿಕೊಂಡು ಫಂಕ್ಷನ್‌ನ ಕೊನೆಗೆ ಒಂದು ಕೆ-ಫ್ರೀ ಹಾಕಿಬಿಡಬೇಡಿ. ಸರಿಯಾದ ಪ್ಯಾಕೆಟ್ ಸಾಲಿಗೆ ಸೇರಿದ ಮೇಲೆ ಅದನ್ನು ಓದುವ ಇನ್ನೊಂದು ಫಂಕ್ಷನ್ ಬಿಡುಗಡೆ ಮಾಡುತ್ತದೆ. ಜಂಬ್ರಕ್ಕೆ, ಅಂದರೆ ಮನೆಯ ಸಮಾರಂಭಕ್ಕೆ, ತಂದ ಹಂಡೆಯ ಹಾಗೆ ಇದು. ಯಾರು ವಾಪಸು ಮುಟ್ಟಿಸಬೇಕು ಅಂತ ಮೊದಲೇ ಮಾತಾಗದಿದ್ದರೆ ಒಂದೋ ಯಾರೂ ಕೊಡುವುದಿಲ್ಲ, ಇಲ್ಲವೇ ಎರಡನೇ ಪಂಕ್ತಿ ಕೂರುವ ಮೊದಲೇ ಒಬ್ಬ ಎತ್ತಿಕೊಂಡು ಹೋಗುತ್ತಾನೆ. ಆ ಸಾಲಿನ ಮೇಲೆ ಒಂದು ಕಾಮೆಂಟ್ ಬರೆಯಿರಿ: ಇಲ್ಲಿಂದ ಮುಂದೆ ಇದರ ಜವಾಬ್ದಾರಿ ಇಂಥ ಫಂಕ್ಷನ್‌ದು ಅಂತ. ಮತ್ತೆ, ಕೆ-ಮ್ಯಾಲಕ್‌ಗೆ ಕೊಟ್ಟಿರುವ ಜಿಎಫ್‌ಪಿ ಅಟಾಮಿಕ್ (ಕಾಯಿಸದೆ ಕೊಡು ಅನ್ನುವ ಸೂಚನೆ) ಅನ್ನು ಜಿಎಫ್‌ಪಿ ಕರ್ನಲ್ ಅಂತ ಬದಲಾಯಿಸಬೇಡಿ. ಮೆಮೊರಿ ಸಿಗುವವರೆಗೆ ಈ ಫಂಕ್ಷನ್ ಕಾಯುತ್ತಾ ಮಲಗುವ ಹಾಗಿಲ್ಲ.

ಹಂಡೆಯ ಎರಡನೇ ಪ್ರಕಾರ, ಅಂದರೆ ಬಿಡುಗಡೆಯಾದದ್ದನ್ನು ಮುಟ್ಟುವುದು (ಯೂಸ್-ಆಫ್ಟರ್-ಫ್ರೀ), ಹೆಚ್ಚು ಅಪಾಯದ್ದು. ಲೀಕ್ ನಿಧಾನ ಕೊಲ್ಲುತ್ತದೆ, ಇದು ಸಂಬಂಧವೇ ಇಲ್ಲದ ಜಾಗದಲ್ಲಿ ಏನನ್ನೋ ಕೆಡಿಸುತ್ತದೆ. ಇದು ಇದೆಯಾ ಅಂತ ತಿಳಿಯಲು ಯುಎಸ್‌ಬಿ ಎಳೆದು ಚುಚ್ಚಿ, ಎಳೆದು ಚುಚ್ಚಿ ನೋಡಿ. ಹಿಡಿಯಲು ಕಾಸಾನ್ ಅನ್ನುವ, ಕರ್ನಲ್‌ನಲ್ಲೇ ಇರುವ ಉಪಕರಣ ಬೇಕು, 2015ರ 4.0 ಆವೃತ್ತಿಯಲ್ಲಿ ಬಂದದ್ದು. ಪ್ರತಿ 8 ಬೈಟಿಗೆ 1 ಬೈಟ್ ಕಾವಲು ಇಡುತ್ತದೆ, ಹಾಗಾಗಿ ಎಂಟನೇ ಒಂದು ಭಾಗ ಮೆಮೊರಿ ಅದಕ್ಕೇ ಹೋಗುತ್ತದೆ, ವೇಗವೂ ಇಳಿಯುತ್ತದೆ. ಅದರ ವರದಿಯಲ್ಲಿ ಮೂರು ಸಾಲು ನೋಡಿ: ಈಗ ಮುಟ್ಟಿದವರು, ಮೊದಲು ಕೇಳಿದವರು, ನಡುವೆ ಬಿಟ್ಟವರು. ತಪ್ಪು ಹೆಚ್ಚಾಗಿ ಮೂರನೆಯದರಲ್ಲಿ. ಡಿಸ್‌ಕನೆಕ್ಟ್ ಫಂಕ್ಷನ್ ಕೆ-ಫ್ರೀ ಮಾಡಿದ ಮೇಲೂ ತಡವಾಗಿ ಓಡುವ ಕೆಲಸ (ವರ್ಕ್) ಒಂದು ಬಾಕಿ ಇರುತ್ತದೆ. ಮೊದಲು ಯುಆರ್‌ಬಿ (ಯುಎಸ್‌ಬಿಗೆ ಕಳಿಸಿದ ಡೇಟಾ ಕೋರಿಕೆ) ನಿಲ್ಲಿಸಿ, ಆಮೇಲೆ ವರ್ಕನ್ನು ಸಿಂಕ್ ಇರುವ, ಅಂದರೆ ಓಡುತ್ತಿರುವುದು ಮುಗಿಯುವವರೆಗೆ ಕಾಯುವ, ಕ್ಯಾನ್ಸಲ್‌ನಿಂದ ನಿಲ್ಲಿಸಿ, ಕೊನೆಗೆ ಫ್ರೀ. ಕ್ರಮ ತಿರುಗಿಸಿದರೆ ಯುಆರ್‌ಬಿ ಮತ್ತೆ ವರ್ಕನ್ನು ಎಬ್ಬಿಸುತ್ತದೆ. ವರ್ಕ್ ಕೂಡ ಯುಆರ್‌ಬಿ ಕಳಿಸುವ ಹಾಗಿದ್ದರೆ ಸುಮ್ಮನೆ ನಿಲ್ಲಿಸುವ ಕಿಲ್ ಸಾಲದು, ಮತ್ತೆ ಕಳಿಸಲೂ ಬಿಡದ ಪಾಯ್ಸನ್ ಬೇಕು.

ಪರೀಕ್ಷೆಗೆ ತೋಟದ ಮೋಟಾರು ಕಾಯಬೇಕಾಗಿಲ್ಲ. ಹತ್ತರಲ್ಲಿ ಒಂದು ಪ್ಯಾಕೆಟ್‌ನ ಚೆಕ್‌ಸಮ್ ಬೇಕಂತಲೇ ತಪ್ಪುವ ಹಾಗೆ ಡ್ರೈವರ್‌ನಲ್ಲಿ ತಾತ್ಕಾಲಿಕ ಸಾಲು ಹಾಕಿ ಮನೆಯಲ್ಲೇ ರಾತ್ರಿಯಿಡೀ ಓಡಿಸಿ. ಕೆ-ಮ್ಯಾಲಕ್-256 ಏರಿ ಇಳಿದು ಒಂದು ಕಡೆ ನಿಲ್ಲಬೇಕು. ಶೆಡ್‌ನ ಅರ್ಥಿಂಗ್ ಸರಿಮಾಡುವುದು, ವೈರಿಗೆ ಶೀಲ್ಡ್ ಹಾಕುವುದು ಒಳ್ಳೆಯದೇ, ಆದರೆ ಪ್ಯಾಚ್ (ಕೋಡಿನ ತಿದ್ದುಪಡಿ) ಸರಿ ಅಂತ ಖಚಿತವಾದ ಮೇಲೆ. ಮೊದಲೇ ಮಾಡಿದರೆ ಲಕ್ಷಣ ಅಡಗುತ್ತದೆ, ಲೀಕ್ ಉಳಿಯುತ್ತದೆ.

ಲೀಕ್‌ಗೆ ಒಂದು ಪ್ಯಾಚ್, ಯೂಸ್-ಆಫ್ಟರ್-ಫ್ರೀಗೆ ಬೇರೆ ಪ್ಯಾಚ್. ಎರಡನ್ನೂ ಒಂದರಲ್ಲಿ ತುರುಕಬೇಡಿ. ಡ್ರೈವರ್ ಮೂಲ ಲಿನಕ್ಸ್‌ನಲ್ಲೇ ಇದ್ದರೆ ಪ್ಯಾಚಿನ ರೂಪ ಪರೀಕ್ಷಿಸುವ ಚೆಕ್‌ಪ್ಯಾಚ್ ಓಡಿಸಿ, ತಪ್ಪು ತಂದ ಕಮಿಟ್‌ನ (ಹಳೆಯ ಬದಲಾವಣೆಯ) ಗುರುತಿನ ಮೊದಲ 12 ಅಕ್ಷರ ಹಾಕಿ ಫಿಕ್ಸಸ್ ಸಾಲು ಬರೆದು ಆ ಡ್ರೈವರ್ ನೋಡಿಕೊಳ್ಳುವ ಮೇಂಟೇನರ್‌ಗೆ ಕಳಿಸಿ. ನಮ್ಮದರ ಹಾಗೆ ಹೊರಗಿನದಾದರೆ ಮಾರಿದವರಿಗೆ ಕಳಿಸಿ, ಕೆಮೆಮ್‌ಲೀಕ್ ವರದಿಯೂ ಜೊತೆಗಿರಲಿ. ಶೆಡ್‌ಗೆ ಹೋಗುವ ಕರ್ನಲ್‌ನಲ್ಲಿ ಕಾಸಾನ್, ಕೆಮೆಮ್‌ಲೀಕ್ ಎರಡನ್ನೂ ತೆಗೆಯಿರಿ. 5.12 ಅಥವಾ ಅದರ ನಂತರದ ಕರ್ನಲ್ ಆದರೆ ಇಂಥದೇ ಕಾವಲಿನ ಹಗುರ ಉಪಕರಣ ಕೆಫೆನ್ಸ್ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು. ಅದು ಎಲ್ಲವನ್ನೂ ಕಾಯುವುದಿಲ್ಲ, ಆಗೊಂದು ಈಗೊಂದು ತುಂಡಿನ ಮೇಲೆ ಕಣ್ಣಿಡುತ್ತದೆ, ಪೈಗೆ ಭಾರ ಅನ್ನಿಸುವುದಿಲ್ಲ.