ಹಾಸ್ಟೆಲ್ ಹುಡುಗಿಯರಿಗೆ ಮೂಕಿ ಚಿತ್ರ ತೋರಿಸುವುದು ಹೇಗೆ?

ನಾನು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ವಾರ್ಡನ್. ವರ್ಷಕ್ಕೊಮ್ಮೆ ನಮ್ಮ ಹುಡುಗಿಯರಿಗೆ 1919ರ ಅಮೆರಿಕದ ಮೂಕಿ ಚಿತ್ರ 'ಡ್ಯಾಡಿ-ಲಾಂಗ್-ಲೆಗ್ಸ್' ತೋರಿಸುತ್ತೇನೆ. ಜೂಡಿ ಎಂಬ ಅನಾಥ ಹುಡುಗಿ ಆಶ್ರಮದಲ್ಲಿ ತುಂಟಾಟ ಮಾಡಿಕೊಂಡು ಬೆಳೆಯುತ್ತಾಳೆ. ಹೆಸರು ಹೇಳದ ಒಬ್ಬ ಶ್ರೀಮಂತ ಅವಳನ್ನು ಕಾಲೇಜಿಗೆ ಕಳಿಸುತ್ತಾನೆ. ಜೀನ್ ವೆಬ್‌ಸ್ಟರ್ 1912ರಲ್ಲಿ ಬರೆದ ಕಾದಂಬರಿಯ ಕಥೆ ಇದು.

ಮೊದಲ ಸಲ ಸುಮ್ನೆ ಹಾಕಿ ಕೂತೆ. ಹತ್ತೇ ನಿಮಿಷಕ್ಕೆ ಗುಸುಗುಸು ಶುರುವಾಯಿತು. ಮೂಕಿ ಚಿತ್ರಕ್ಕೆ ನೋಡುವವರೇ ದನಿ ಕೊಡಬೇಕು ಅಂತ ಆಗ ತಿಳಿಯಿತು.

ಅದಕ್ಕೆ ಮುಖ್ಯವಾದ ಕೆಲಸ ಬರಹದ ಕಾರ್ಡುಗಳದ್ದು, ಅಂದರೆ ದೃಶ್ಯಗಳ ನಡುವೆ ಪಾತ್ರಗಳ ಮಾತನ್ನು ಬರೆದು ತೋರಿಸುವ ಪರದೆಗಳದ್ದು. ಒಂದು ವಾರ ಮೊದಲೇ ಚಿತ್ರ ನೋಡಿ, ಪ್ರತಿ ಕಾರ್ಡಿನ ಮಾತನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಬರೆದುಕೊಳ್ಳಿ. ಒಂದೇ ಉಸಿರಿಗೆ ಓದುವಷ್ಟಿದ್ದರೆ ಸಾಕು. ಉದ್ದವಾದರೆ ಕಾರ್ಡ್ ಮಾಯವಾದ ಮೇಲೂ ಓದುತ್ತಲೇ ಇರಬೇಕಾಗುತ್ತದೆ. ಜೂಡಿಯ ಮಾತಿಗೆ ಒಬ್ಬಳು, ಆಶ್ರಮ ನೋಡಿಕೊಳ್ಳುವ ಮೇಟ್ರನ್ ಮಾತಿಗೆ ಇನ್ನೊಬ್ಬಳು ಇರಲಿ. ಮೇಟ್ರನ್ ಪಾತ್ರಕ್ಕೆ ನಮ್ಮಲ್ಲಿ ಪ್ರತಿ ವರ್ಷ ಪೈಪೋಟಿ!

ಆಮೇಲೆ ವೇಗ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ನಿಧಾನವಾಗಿ ತೆಗೆದದ್ದನ್ನು ಈಗಿನ ವೇಗದಲ್ಲಿ ಓಡಿಸುವುದರಿಂದ ಕೆಲವು ಪ್ರತಿಗಳಲ್ಲಿ ಜನ ಓಡೋಡಿ ನಡೆದ ಹಾಗೆ ಕಾಣುತ್ತದೆ. ನಡೆಯುವವರ ಕಾಲು ನೋಡಿ. ಅವಸರ ಅನ್ನಿಸಿದರೆ ಪ್ಲೇಯರಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಒಂದೂವರೆ ಗಂಟೆಯ ಚಿತ್ರ ಎರಡು ಗಂಟೆಯ ಹತ್ತಿರ ಬರುತ್ತದೆ, ಪರವಾಗಿಲ್ಲ. ಜೂಡಿಯಾಗಿ ನಟಿಸಿದ ಮೇರಿ ಪಿಕ್‌ಫರ್ಡ್ ಮುಖ ನೋಡುವುದಕ್ಕಾದರೂ ಆ ನಿಧಾನ ಬೇಕು. 27 ವರ್ಷದ ನಟಿ ಹನ್ನೆರಡರ ಹುಡುಗಿಯಾಗಿದ್ದಾಳೆ ಅಂತ ನಾನು ಹೇಳಿದರೆ ಯಾರೂ ನಂಬುವುದಿಲ್ಲ.

ಚಿತ್ರ ಹಳೆಯದು, ಅದರ ಹಕ್ಕಿನ ಅವಧಿ ಮುಗಿದಿದೆ. ಆದರೆ ಈಚೆಗೆ ಸೇರಿಸಿದ ಸಂಗೀತಕ್ಕೆ ಬೇರೆ ಹಕ್ಕು ಇರಬಹುದು. ನಾವು ಸೌಂಡ್ ಮ್ಯೂಟ್ ಮಾಡಿ, ಒಂದು ಹಾರ್ಮೋನಿಯಂ, ಒಂದು ಖಂಜಿರ ಇಟ್ಟುಕೊಳ್ಳುತ್ತೇವೆ. ಜೊತೆಗೆ ಎಲ್ಲರ ಕೈಗೂ ಊಟದ ತಟ್ಟೆ, ಚಮಚ. ಅದು ಪ್ರೂನ್ಸ್ ದೃಶ್ಯಕ್ಕೆ. ಪ್ರೂನ್ಸ್ ಅಂದರೆ ಒಣಗಿಸಿದ ಪ್ಲಮ್ ಹಣ್ಣು. ಆಶ್ರಮದಲ್ಲಿ ದಿನಾ ಅದನ್ನೇ ಬಡಿಸಿ ಬಡಿಸಿ, ಕೊನೆಗೆ ಜೂಡಿ ಮುಂದೆ ನಿಂತು ಮಕ್ಕಳಿಂದ ಮುಷ್ಕರ ಮಾಡಿಸುತ್ತಾಳೆ. 'ನಮ್ಮ ಉಪ್ಪಿಟ್ಟು!' ಅಂತ ಹಿಂದಿನಿಂದ ಒಬ್ಬಳು ಕೂಗಿದಳು. ತಟ್ಟೆ ಬಡಿಯುವ ಸದ್ದಿಗೆ ಅಡುಗೆಯವರೂ ಓಡಿ ಬಂದು ನೋಡಿದರು.

ಒಂದು ವಿಷಯ ಮೊದಲೇ ಹೇಳಿಬಿಡಿ. ಇದರಲ್ಲಿ ನಗು ಮಾತ್ರ ಇಲ್ಲ. ಕಾಯಿಲೆ ಬಿದ್ದ ಪುಟ್ಟ ಮಗುವಿಗಾಗಿ ಜೂಡಿ ಗೊಂಬೆ ತರುವ ಭಾಗದಲ್ಲಿ ವಾದ್ಯ ನಿಲ್ಲಿಸಿ. ಚಿಕ್ಕವರನ್ನು ದೊಡ್ಡವರ ಪಕ್ಕ ಕೂರಿಸಿ. ಮನೆ ಬಿಟ್ಟು ಬಂದ ಮಕ್ಕಳು ಅಲ್ವಾ, ಆ ದೃಶ್ಯ ಅವರಿಗೆ ಜಾಸ್ತಿ ತಟ್ಟುತ್ತದೆ.

ಮುಗಿದ ಕೂಡಲೇ ಲೈಟ್ ಹಾಕಿ ಎಬ್ಬಿಸಬೇಡಿ. ಫೀಸು ಕಟ್ಟಿದವನನ್ನೇ ಕೊನೆಗೆ ಜೂಡಿ ಮದುವೆಗೆ ಒಪ್ಪಿಕೊಂಡದ್ದು ಸರಿಯಾ ಅಂತ ಕೇಳಿ. ನನಗಂತೂ ಅದು ಇಷ್ಟವಿಲ್ಲ. ಲೇಖಕಿಯಾದ ಅವಳು ಬರೀತಾನೇ ಇರಬೇಕಿತ್ತು. ನಮ್ಮ ಹುಡುಗಿಯರು ಊಟದ ಗಂಟೆ ಹೊಡೆದರೂ ಏಳದೆ ವಾದ ಮಾಡಿದರು. ಹಾಗಾಗಿ ಚಿತ್ರವನ್ನು ನಾಲ್ಕು ಗಂಟೆಗೇ ಶುರು ಮಾಡಿ.