ಚಿತ್ರ ಬಂತಾ, ಇಲ್ವಾ? ಬ್ರೌಸರನ್ನೇ ಕೇಳಿ

ವೆಬ್‌ ಪುಟದಲ್ಲಿ ಫೋಟೊ ಗ್ಯಾಲರಿ ಮಾಡಿದ್ದೀರಿ. ಚಿತ್ರಗಳು ಬಂದ ಮೇಲೆ ಅಳತೆ ನೋಡಿ ಜೋಡಿಸಬೇಕು. ನಿಮ್ಮ ಸ್ಕ್ರಿಪ್ಟ್‌ (ಜಾವಾಸ್ಕ್ರಿಪ್ಟ್‌ ಕೋಡ್‌) ಅದಕ್ಕೂ ಮೊದಲೇ ಓಡಿದರೆ ಅಳತೆ ಸೊನ್ನೆ ಸಿಗುತ್ತದೆ, ಚಿತ್ರಗಳು ಒಂದರ ಮೇಲೊಂದು ಕೂರುತ್ತವೆ. ಇದಕ್ಕೆ ಸುಮ್ನೆ 2 ಸೆಕೆಂಡು ತಡೆದು ಕೋಡ್‌ ಓಡಿಸುವ ಸೆಟ್‌ಟೈಮ್‌ಔಟ್‌ ಹಾಕಿ ಕೈತೊಳೆದುಕೊಳ್ಳುವವರೇ ಜಾಸ್ತಿ. ನೆಟ್‌ ನಿಧಾನವಾದ ದಿನ ಅದು ಕೈಕೊಡುತ್ತದೆ.

ಮೊದಲು ಚಿತ್ರದ ‘ಕಂಪ್ಲೀಟ್‌’ ಪ್ರಾಪರ್ಟಿ ನೋಡಿ. ಫಾಲ್ಸ್‌ ಇದ್ದರೆ ಚಿತ್ರ ಇನ್ನೂ ಬಂದಿಲ್ಲ. ಟ್ರೂ ಇದ್ದರೆ ಮಾತ್ರ ಹುಷಾರು! ಆ ಚಿತ್ರದ ಕೆಲಸ ಮುಗಿಯಿತು ಎಂದಷ್ಟೇ ಬ್ರೌಸರ್‌ ಹೇಳುತ್ತಿದೆ. ವಿಳಾಸ ತಪ್ಪಿ ಚಿತ್ರವೇ ಸಿಗದಿದ್ದರೂ ಟ್ರೂ, ಎಸ್‌ಆರ್‌ಸಿ (ಚಿತ್ರದ ವಿಳಾಸ ಬರೆಯುವ ಜಾಗ) ಬರೆಯದೇ ಇದ್ದರೂ ಟ್ರೂ. ಹಾಗಾಗಿ ಜೊತೆಗೆ ‘ನ್ಯಾಚುರಲ್‌ವಿಡ್ತ್‌’ (ಚಿತ್ರದ ಮೂಲ ಅಗಲ) ಕೂಡ ನೋಡಿ. ಅದು ಸೊನ್ನೆಗಿಂತ ಹೆಚ್ಚಿದ್ದರೆ ಚಿತ್ರ ನಿಜಕ್ಕೂ ಬಂದಿದೆ. ಬರೀ ‘ವಿಡ್ತ್‌’ ನೋಡಿದರೆ ಸಾಲದು, ಸಿಎಸ್‌ಎಸ್‌ನಲ್ಲಿ (ಪುಟದ ಅಂದ ಬರೆಯುವ ಭಾಷೆ) ನೀವೇ ಕೊಟ್ಟ ಅಗಲವನ್ನು ಅದು ನಿಮಗೇ ಒಪ್ಪಿಸುತ್ತದೆ. ಅಳತೆ ಬರೆಯದ ಎಸ್‌ವಿಜಿ (ಗೆರೆ, ಆಕಾರಗಳಲ್ಲಿ ಬರೆದ) ಚಿತ್ರಗಳಿಗೆ ಮಾತ್ರ ಈ ಲೆಕ್ಕವನ್ನು ಪೂರ್ತಿ ನಂಬಬೇಡಿ.

ಚಿತ್ರ ಇನ್ನೂ ಬರುತ್ತಿದೆಯಾ? ಆಗ ಆ್ಯಡ್‌ಇವೆಂಟ್‌ಲಿಸನರ್‌ ಬಳಸಿ ‘ಲೋಡ್‌’ (ಚಿತ್ರ ಬಂತು) ಮತ್ತು ‘ಎರರ್‌’ (ಬರಲಿಲ್ಲ) ಎಂಬ ಎರಡೂ ಇವೆಂಟ್‌ಗಳಿಗೆ ಕಿವಿ ಕೊಡಿ. ಎರರ್‌ ಮರೆತರೆ ಒಂದೇ ಒಂದು ಹಾಳಾದ ಫೋಟೊ ಸಾಕು, ಲೋಡಿಂಗ್‌ ಚಕ್ರ ತಿರುಗುತ್ತಲೇ ಇರುತ್ತದೆ. ಸ್ಕ್ರಿಪ್ಟ್‌ನಲ್ಲೇ ಹೊಸ ಇಮೇಜ್‌ ಮಾಡುವುದಾದರೆ ಲಿಸನರ್‌ ಮೊದಲು, ಎಸ್‌ಆರ್‌ಸಿ ಆಮೇಲೆ. ಪುಟದಲ್ಲಿ ಮೊದಲೇ ಇರುವ ಚಿತ್ರ ನಿಮ್ಮ ಸ್ಕ್ರಿಪ್ಟ್‌ ಶುರುವಾಗುವ ಮುಂಚೆಯೇ ಬಂದುಬಿಟ್ಟಿರಬಹುದು. ಹೋದ ಲೋಡ್‌ ಇವೆಂಟ್‌ ಮತ್ತೆ ಬರುವುದಿಲ್ಲ. ಕಂಪ್ಲೀಟ್‌ ಅನ್ನು ಮೊದಲು ನೋಡಬೇಕಾದದ್ದು ಇದಕ್ಕೇ.

ಚಿತ್ರಗಳು ಹತ್ತಾರಿದ್ದರೆ ಒಂದೊಂದಕ್ಕೂ ಒಂದು ಪ್ರಾಮಿಸ್‌ (ಮುಂದೆ ಬರುವ ಫಲಿತಾಂಶದ ಭರವಸೆ) ಮಾಡಿ, ಎಲ್ಲವನ್ನೂ ‘ಪ್ರಾಮಿಸ್‌.ಆಲ್‌ಸೆಟಲ್ಡ್‌’ಗೆ ಕೊಡಿ. ಗೆದ್ದರೂ ಸೋತರೂ ಎಲ್ಲವೂ ಮುಗಿಯುವವರೆಗೆ ಅದು ಕಾಯುತ್ತದೆ. ‘ಪ್ರಾಮಿಸ್‌.ಆಲ್‌’ ಆದರೆ ಒಂದು ಕೆಟ್ಟರೂ ಉಳಿದವಕ್ಕೆ ಕಾಯದೆ ಸೋಲು ಒಪ್ಪಿಕೊಳ್ಳುತ್ತದೆ. ಎಲ್ಲ ಚಿತ್ರಗಳನ್ನು ಒಳಗಿಟ್ಟ ಗ್ಯಾಲರಿ ಡಿವ್‌ಗೆ ಒಂದೇ ಲಿಸನರ್‌ ಹಾಕುವ ಆಸೆಯಿದ್ದರೆ ಆ್ಯಡ್‌ಇವೆಂಟ್‌ಲಿಸನರ್‌ನ ಮೂರನೇ ಆರ್ಗ್ಯುಮೆಂಟ್‌ ಟ್ರೂ ಇರಲಿ. ಚಿತ್ರದ ಲೋಡ್‌ ಇವೆಂಟ್‌ ಮೇಲಿನ ಎಲಿಮೆಂಟ್‌ಗಳಿಗೆ ಬಬಲ್‌ ಆಗುವುದಿಲ್ಲ (ಏರಿ ಹೋಗುವುದಿಲ್ಲ), ಟ್ರೂ ಇದ್ದರೆ ಅದು ಚಿತ್ರದತ್ತ ಇಳಿಯುವಾಗಲೇ ಡಿವ್‌ಗೆ ಸಿಗುತ್ತದೆ.

ದೊಡ್ಡ ಫೋಟೊ ಬದಲಿಸುವಾಗ ನನಗೆ ಇಷ್ಟವಾದದ್ದು ‘ಡಿಕೋಡ್‌’. ಅದು ಚಿತ್ರವನ್ನು ತೆರೆಗೆ ಮೊದಲೇ ಸಿದ್ಧಪಡಿಸುತ್ತದೆ, ಪ್ರಾಮಿಸ್‌ ಕೊಡುತ್ತದೆ. ಅದು ಮುಗಿದ ಮೇಲೆ ಚಿತ್ರವನ್ನು ಪುಟಕ್ಕೆ ಸೇರಿಸಿದರೆ ಪುಟ ತಡವರಿಸುವುದಿಲ್ಲ.

ಲೇಜಿ ಲೋಡಿಂಗ್‌ ಚಿತ್ರಗಳನ್ನು ಈ ಲೆಕ್ಕದಿಂದ ಹೊರಗಿಡಿ. ಓದುಗರು ಕೆಳಗೆ ಸ್ಕ್ರೋಲ್‌ ಮಾಡುವವರೆಗೂ ಅವು ಬರದೇ ಇರಬಹುದು. ಸಿಎಸ್‌ಎಸ್‌ ಹಿನ್ನೆಲೆ ಚಿತ್ರಕ್ಕೆ ಲೋಡ್‌ ಇವೆಂಟೇ ಇಲ್ಲ, ಅದೇ ವಿಳಾಸ ಕೊಟ್ಟು ಹೊಸ ಇಮೇಜ್‌ ಮಾಡಿ ಪರೀಕ್ಷಿಸಿ.

ಕೊನೆಗೆ ಬ್ರೌಸರ್‌ನಲ್ಲೇ ಇರುವ ಡೆವ್‌ಟೂಲ್ಸ್‌ನ ನೆಟ್‌ವರ್ಕ್‌ ಟ್ಯಾಬ್‌ ತೆರೆದು ಕ್ಯಾಷ್‌ ಆಫ್‌ ಮಾಡಿ, ವೇಗವನ್ನು ಇಳಿಸಿ. ಒಂದು ಫೋಟೊದ ಹೆಸರನ್ನು ಬೇಕಂತಲೇ ತಪ್ಪು ಬರೆದು ಪುಟ ರಿಫ್ರೆಶ್‌ ಮಾಡಿ ನೋಡಿ.